ಮೋರಿಗೆ ಹೋದ ಸ್ಟಾಪು, ಬಾವಿಗೆ ನಿಲ್ಲುವ ಬಸ್ಸು

ಬಳ್ಳಾರಿ, ೧೬ ಸೆಪ್ಟೆಂಬರ್ ೧೯೭೮

ಬಸ್ಸು ಎಲ್ಲಿ ನಿಲ್ಲಬೇಕೆಂಬುದನ್ನು ಬಸ್ಸು ಕಾಣದ ಕೋಣೆಯಲ್ಲಿ ಕುಳಿತು ತೀರ್ಮಾನಿಸುವ ಮಾನ್ಯ ಸಾರಿಗೆ ಅಧಿಕಾರಿಗಳೇ,

ಸಿರುಗುಪ್ಪ ರಸ್ತೆಯ ಸೀಗೆಹಾಳು ಕ್ರಾಸಿನಲ್ಲಿದ್ದ ಸ್ಟಾಪನ್ನು ನೀವು ಕಿತ್ತು, ಅಲ್ಲಿಂದ ಸಿರುಗುಪ್ಪದ ದಿಕ್ಕಿಗೆ ಎರಡು ಮೈಲಿ ದೂರದ ಹಳ್ಳದ ಮೋರಿಯ ಪಕ್ಕ ನೆಟ್ಟು ಒಂದೂವರೆ ತಿಂಗಳಾಯಿತು. ಮೋರಿಯ ಹತ್ತಿರ ಮನೆ ಇಲ್ಲ, ಗುಡಿ ಇಲ್ಲ, ನೆರಳಿಗೆ ಒಂದು ಜಾಲಿಗಿಡವೂ ಇಲ್ಲ. ಆದರೂ ನಿಮ್ಮ ಬಸ್ಸು ದಿನಕ್ಕೆ ಎಂಟು ಸಲ ಅಲ್ಲಿ ತಪ್ಪದೆ ನಿಲ್ಲುತ್ತದೆ. ಕಂಡಕ್ಟರು ಬಾಗಿಲು ತೆಗೆಯುತ್ತಾನೆ. ಒಂದಿಷ್ಟು ಧೂಳು ಹತ್ತುತ್ತದೆ, ಎರಡು ನೊಣ ಇಳಿಯುತ್ತವೆ. ಕಂಡಕ್ಟರು ಬಾಗಿಲು ಹಾಕಿ ಸೀಟಿ ಊದುತ್ತಾನೆ. ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಇದರಿಂದ ಎರ್ರೆಪ್ಪ ಎಂಬ ಮನುಷ್ಯ ಸಾಯುವ ಹಾಗಾಗಿದೆ. ಆ ಸ್ಟಾಪು ಹೋಗುವುದಕ್ಕೆ ಅರ್ಧ ಕಾರಣ ನೀವು, ಇನ್ನರ್ಧ ನಾನು. ನಿಮ್ಮ ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟೆ. ಮೂರರ ಮೇಲೂ ಚೆಂದದ ಸೀಲು ಬಿತ್ತು, ಮತ್ತೇನೂ ಬೀಳಲಿಲ್ಲ. ಆದ್ದರಿಂದ ಹತ್ತು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ನಿಮ್ಮ ಡಿಪೋದ ಕಾವಲುಗಾರನಿಗೆ ಚೆನ್ನಾಗಿದೆ, ನಿಮಗಿಲ್ಲ. ಕೌಲ್ ಬಜಾರಿನಲ್ಲಿ ತಗಡಿನ ಪೆಟ್ಟಿಗೆ ಮಾಡುವವರ ಮಗ. ಒಂಬತ್ತನೇ ತರಗತಿಯಲ್ಲಿದ್ದಾಗ ಸಿರುಗುಪ್ಪದ ಬಸ್ಸು ಶಾಲೆಯ ಮುಂದೆ ಹಾಯುವ ಹೊತ್ತಿಗೇ ಗಣಿತದ ಪಾಠ ಇರುತ್ತಿತ್ತು. ಎರಡರಲ್ಲಿ ಒಂದನ್ನು ನೋಡಬೇಕಾಗಿತ್ತು, ನೋಡಿದೆ. ಶಾಲೆ ಬಿಟ್ಟು ಮೂರು ವರ್ಷವಾಯಿತು. ಅಂದಿನಿಂದ ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಯಾವ ಗಾಡಿಗೆ ಯಾವ ಗಾಜಿಲ್ಲ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತ ಬಂದಿದ್ದೇನೆ. ಸಿರುಗುಪ್ಪದ ಬಸ್ಸು ನೆಲ್ಲಿನ ಚೀಲದ ಭಾರಕ್ಕೆ ಎಡಕ್ಕೆ ವಾಲುತ್ತದೆ. ಕುರುಗೋಡಿನ ಬಸ್ಸಿಗೆ ಹಿಂದಿನ ಗಾಜಿನ ಬದಲು ತಗಡು ಬಡಿದಿದ್ದಾರೆ. ಆ ತಗಡು ನಮ್ಮಪ್ಪ ಬಡಿದದ್ದೇ, ಕೆಲಸ ಗಟ್ಟಿಯಾಗಿದೆ.

ನಿಮ್ಮ ಬದಲಾವಣೆಗಳು ನನಗೆ ಹೊಸವಲ್ಲ. ಕೌಲ್ ಬಜಾರಿನಿಂದ ರೈಲ್ವೆ ಸ್ಟೇಷನ್ ಮಾರ್ಗವಾಗಿ ಪಾರ್ವತಿನಗರಕ್ಕೆ ಹೋಗುತ್ತಿದ್ದ ಸಿಟಿ ಬಸ್ಸು ತಡವಾಗುತ್ತದೆಂದು ಹೋದ ವರ್ಷ ದೂರು ಬಂತು. ತಡ ಏಕೆಂದು ನೀವು ವಿಚಾರ ಮಾಡಿದಿರಿ. ಸ್ಟೇಷನ್ನಿನಲ್ಲಿ ಜನ ಗಂಟುಮೂಟೆ ಸಮೇತ ಹತ್ತಿಳಿಯುವುದರಿಂದ ತಡ ಎಂದು ತಿಳಿಯಿತು. ಕೂಡಲೇ ಬಸ್ಸು ಸ್ಟೇಷನ್ನಿಗೆ ಹೋಗುವುದನ್ನು ನಿಲ್ಲಿಸಿದಿರಿ. ಈಗ ಅದು ಹತ್ತು ನಿಮಿಷ ಮೊದಲೇ ಪಾರ್ವತಿನಗರ ಮುಟ್ಟುತ್ತದೆ. ಒಳಗೆ ಜನವಿಲ್ಲದ್ದರಿಂದ ಇನ್ನೂ ಹಗುರಾಗಿ ಓಡುತ್ತದೆ. ನಿಮ್ಮ ಲೆಕ್ಕದಲ್ಲಿ ಇದು ಸುಧಾರಣೆ. ಬಸ್ಸಿಗೆ ಬಾಯಿದ್ದರೆ ಏನೆನ್ನುತ್ತಿತ್ತೋ?

ಈಗ ಸೀಗೆಹಾಳಿನ ವಿಷಯ. ಆಷಾಢದಲ್ಲಿ ನೀವು ಸಿರುಗುಪ್ಪ ರಸ್ತೆಯ ಸ್ಟಾಪುಗಳಲ್ಲಿ ಪ್ರಯಾಣಿಕರನ್ನು ಎಣಿಸುವ ಕಾರ್ಯಕ್ರಮ ಹಾಕಿದಿರಿ. ಎಣಿಸುವವರು ಸಾಲಲಿಲ್ಲ. ನಿಮ್ಮ ಟ್ರಾಫಿಕ್ ವಿಭಾಗದ ಗುಮಾಸ್ತ ಗವಿಸಿದ್ದಪ್ಪನವರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು, "ಹೆಂಗೂ ದಿನಾ ಬಸ್ ಎಣಿಸ್ತೀ, ಒಂದಿನ ಮಂದೀನೂ ಎಣಿಸೋ" ಎಂದು ಕೈಗೆ ಫಾರಂ ಕೊಟ್ಟರು. ತೋಳಿಗೊಂದು ಕೆಂಪು ಪಟ್ಟಿಯನ್ನೂ ಕಟ್ಟಿದರು. ಸುಳ್ಳು ಹೇಳುವುದಿಲ್ಲ, ಆ ಪಟ್ಟಿಗಾಗಿಯೇ ಒಪ್ಪಿದೆ.

ಆ ಮಂಗಳವಾರ ಮೊದಲ ಬಸ್ಸಿಗೆ ಹೋಗಿ ಸೀಗೆಹಾಳು ಕ್ರಾಸಿನಲ್ಲಿ ಕುಳಿತೆ. ಊರಿರುವುದು ಒಳಗೆ, ಅರ್ಧ ಮೈಲಿ. ಕ್ರಾಸಿನಲ್ಲಿರುವುದು ಒಂದು ಬಾವಿ, ಬಾವಿಯ ಪಕ್ಕ ದುರುಗಮ್ಮ ಮತ್ತು ಅವಳ ಗಂಡ ಎರ್ರೆಪ್ಪನ ಗುಡಿಸಲು. ಅವತ್ತು ಗುಡಿಸಲಿಗೆ ಬೀಗ. ಬೆಳಿಗ್ಗೆಯಿಂದ ಸಂಜೆವರೆಗೆ ಎಂಟು ಬಸ್ಸು ಬಂದವು, ಹತ್ತಲು ಇಳಿಯಲು ಒಂದು ನರಪಿಳ್ಳೆ ಬರಲಿಲ್ಲ. ಮಧ್ಯಾಹ್ನ ಎಮ್ಮೆ ಹುಡುಕಿಕೊಂಡು ಬಂದ ಒಬ್ಬನಿಂದ ಕಾರಣ ತಿಳಿಯಿತು: ಅಂದು ಸೀಗೆಹಾಳಿನಲ್ಲಿ ಹೊರಬೀಡು. ಊರಿಗೆ ಬೇನೆ ಬಿದ್ದಿತ್ತು. ಒಲೆ ಆರಿಸಿ, ಮನೆಗಳಿಗೆ ಬೀಗ ಹಾಕಿ, ಊರ ಬಾಯಿಗೆ ಮುಳ್ಳು ಹಚ್ಚಿ, ದನ ಕುರಿ ಕೋಳಿ ಸಮೇತ ಎಲ್ಲರೂ ಹೊಲಕ್ಕೆ ಹೋಗಿದ್ದರು. ಅಲ್ಲೇ ಅಡುಗೆ ಮಾಡಿ ಉಂಡು, ಹೊತ್ತು ಮುಳುಗಿದ ಮೇಲೆ ಊರೊಳಗೆ ಕಾಲಿಡಬೇಕು. ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ: ಹತ್ತಿದವರು ಸೊನ್ನೆ, ಇಳಿದವರು ಸೊನ್ನೆ. ಅಂಚಿನಲ್ಲಿ "ಇಂದು ಊರಿನಲ್ಲಿ ಹೊರಬೀಡು" ಎಂದು ಸೇರಿಸಿದೆ. ಗವಿಸಿದ್ದಪ್ಪನವರು ಅದಕ್ಕೆ ಫಾರಮಿನಲ್ಲಿ ಕಾಲಂ ಇಲ್ಲವೆಂದು ಅಡ್ಡಗೆರೆ ಎಳೆದರು.

ಹಾಗಾದರೆ ಊರ ಜನ ಹೊರಬೀಡಿಗೆ ಹೋದದ್ದೆಲ್ಲಿಗೆ? ನೀವು ಊಹಿಸಿರಬೇಕು. ಊಹಿಸಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಅವರು ಹೋದದ್ದು ಹಳ್ಳದ ಮೋರಿಯ ಪಕ್ಕದ ಹೊಲಕ್ಕೆ. ನಿಮ್ಮ ಇನ್ಸ್‌ಪೆಕ್ಟರು ಅದೇ ದಿನ ಬಸ್ಸಿನ ಕಿಟಕಿಯಿಂದ ಆ ದೃಶ್ಯ ನೋಡಿದರು. ರಸ್ತೆ ಬದಿಗೆ ಇನ್ನೂರಕ್ಕೂ ಹೆಚ್ಚು ಜನ! ಹೆಂಗಸರು, ಮುದುಕರು, ಗಂಟು, ಗಡಿಗೆ, ಕೋಳಿಬುಟ್ಟಿ. ಬಸ್ಸು ನಿಲ್ಲಿಸಿ, ಅಲ್ಲೇ ಕುಳಿತಿದ್ದ ಹಿರಿಯ ಗಾದೆಪ್ಪನನ್ನು ವಿಚಾರಿಸಿದರು.

"ಏನಯ್ಯಾ, ಎಲ್ಲಾ ಇಲ್ಲಿ ಯಾಕ ಕುಂತೀರಿ?"

"ಊರು ಬಿಟ್ಟು ಬಂದೀವ್ರಿ ಸಾಹೇಬ್ರ."

"ಎಷ್ಟೊತ್ತಿಂದ?"

"ಮುಂಜಾಲಿಂದ್ರಿ. ಸಂಜಿಮಟ ಇಲ್ಲೇ ಇರಾದು, ಏನ್ಮಾಡಾದು."

ಇನ್ಸ್‌ಪೆಕ್ಟರ ಮನಸ್ಸು ಕರಗಿತು. "ಸದರಿ ಮೋರಿಯ ಬಳಿ ಇನ್ನೂರ ಹದಿನಾಲ್ಕು ಮಂದಿ ಮಕ್ಕಳುಮರಿಯೊಂದಿಗೆ ಮುಂಜಾನೆಯಿಂದ ಸಂಜೆಯವರೆಗೆ ಬಸ್ಸಿಗಾಗಿ ಕಾಯುತ್ತಿದ್ದು, ಸ್ಟಾಪಿನ ಅಗತ್ಯ ಅತ್ಯಂತ ತುರ್ತಾಗಿರುತ್ತದೆ" ಎಂದು ವರದಿ ಬರೆದರು. ಅದನ್ನು ನಾನು ನಿಮ್ಮ ಕಚೇರಿಯಲ್ಲೇ ಕಣ್ಣಾರೆ ಓದಿದ್ದೇನೆ. ನನ್ನ ಸೊನ್ನೆ ಮತ್ತು ಅವರ ಇನ್ನೂರ ಹದಿನಾಲ್ಕು ನಿಮ್ಮ ಮೇಜಿನ ಮೇಲೆ ಅಕ್ಕಪಕ್ಕ ಬಂದವು. ಒಂದೇ ಊರಿನ ಜನ ಒಂದು ಕಡೆ ಇಲ್ಲದಿದ್ದರೆ ಇನ್ನೊಂದು ಕಡೆ ಇರುತ್ತಾರಲ್ಲ ಎಂದು ನಿಮಗೇಕೆ ಹೊಳೆಯಲಿಲ್ಲ? ಹನ್ನೆರಡನೇ ದಿನಕ್ಕೆ ಕಂಬ ಮೋರಿಗೆ ಹೋಯಿತು. ಸರಕಾರಿ ಕೆಲಸ ನಿಧಾನ ಎನ್ನುವವರಿಗೆ ನಾನು ಇದನ್ನೇ ಉದಾಹರಣೆ ಕೊಡುತ್ತೇನೆ.

ನಿಮ್ಮ ಆದೇಶ ಕುರುಗೋಡು ಬಸ್ಸಿಗೂ ಅನ್ವಯಿಸಿತು. ಆ ಬಸ್ಸು ಸೀಗೆಹಾಳು ಕ್ರಾಸಿನಲ್ಲೇ ಎಡಕ್ಕೆ ತಿರುಗಿ ಕುರುಗೋಡಿಗೆ ಹೋಗುವಂಥದ್ದು, ಮೋರಿಯ ಮುಖವನ್ನೇ ಕಂಡದ್ದಲ್ಲ. ಆದರೆ ಆದೇಶದಲ್ಲಿ "ಎರಡೂ ಮಾರ್ಗದ ಬಸ್ಸುಗಳು ಮೋರಿಯಲ್ಲಿ ನಿಲ್ಲತಕ್ಕದ್ದು" ಎಂದಿತ್ತು. ಡ್ರೈವರು ಆಜ್ಞಾಧಾರಕ. ಒಂದು ವಾರ ಆತ ಕ್ರಾಸು ಬಿಟ್ಟು ಎರಡು ಮೈಲಿ ಮುಂದೆ ಹೋಗಿ, ಮೋರಿಯಲ್ಲಿ ನಿಂತು, ಬಾಗಿಲು ತೆಗೆದು ಹಾಕಿ, ಅಲ್ಲೇ ಬಸ್ಸು ತಿರುಗಿಸಿ, ಎರಡು ಮೈಲಿ ವಾಪಸ್ ಬಂದು ಕುರುಗೋಡಿಗೆ ಹೋದ. ಒಳಗಿದ್ದವರು ಯಾರೋ ದೊಡ್ಡವರು ಮೋರಿಯಲ್ಲಿ ಹತ್ತುವವರಿರಬೇಕು ಎಂದು ದಿನಾ ಎದ್ದು ಸೀಟು ಖಾಲಿ ಮಾಡಿಕೊಡುತ್ತಿದ್ದರಂತೆ. ಈಗ ಅದು ಮೋರಿಗೂ ಹೋಗದೆ, ಕ್ರಾಸಿನಲ್ಲೂ ನಿಲ್ಲದೆ ನೇರ ತಿರುಗಿಬಿಡುತ್ತದೆ.

ಇಲ್ಲಿಯವರೆಗಿನದು ನಗುವ ಮಾತು. ಶ್ರಾವಣದಲ್ಲಿ ಎರ್ರೆಪ್ಪನ ಕೆಮ್ಮು ಕ್ಷಯವೆಂದು ಗೊತ್ತಾಯಿತು. ಸೋಮವಾರ, ಗುರುವಾರ ಬಳ್ಳಾರಿಯ ಆಸ್ಪತ್ರೆಗೆ ಬಂದು ಸೂಜಿ ಹಾಕಿಸಿಕೊಳ್ಳಬೇಕು. ಗುಡಿಸಲಿನಿಂದ ಕ್ರಾಸಿನ ಕಂಬಕ್ಕೆ ಇಪ್ಪತ್ತು ಹೆಜ್ಜೆಯಿತ್ತು. ಈಗ ಬಳ್ಳಾರಿಗೆ ಬರಲು ಆತ ಬಳ್ಳಾರಿಗೆ ಬೆನ್ನು ಹಾಕಿ ಎರಡು ಮೈಲಿ ನಡೆದು ಮೋರಿಗೆ ಹೋಗಬೇಕು. ಅಲ್ಲಿ ಬಸ್ಸು ಹತ್ತಿದರೆ ಅದು ಅವನನ್ನು ಅವನ ಗುಡಿಸಲಿನ ಮುಂದೆಯೇ ತರುತ್ತದೆ. ತಂದು ನಿಲ್ಲುತ್ತದೆ ಕೂಡ! ಏಕೆಂದರೆ ಸಿರುಗುಪ್ಪದಿಂದ ಅಷ್ಟು ದೂರ ಬರುವಷ್ಟರಲ್ಲಿ ನಿಮ್ಮ ಗಾಡಿಯ ರೇಡಿಯೇಟರ್ ಕುದಿಯುತ್ತಿರುತ್ತದೆ. ಕ್ರಾಸಿನ ಬಾವಿ ಬಿಟ್ಟರೆ ನೀರಿಲ್ಲ. ನೀರು ಸೇದಿ ಕೊಡುವವಳು ಎರ್ರೆಪ್ಪನ ಹೆಂಡತಿ ದುರುಗಮ್ಮ. ಬಸ್ಸು ಅಲ್ಲಿ ಎಂಟು ನಿಮಿಷ ನಿಲ್ಲುತ್ತದೆ, ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಆದರೆ ಬಾಗಿಲು ತೆಗೆಯುವಂತಿಲ್ಲ. ಒಮ್ಮೆ ತೆಗೆದಿದ್ದಕ್ಕೆ ಕಂಡಕ್ಟರ್ ವಿರೂಪಾಕ್ಷಪ್ಪನಿಗೆ ನೀವು ಮೆಮೋ ಕೊಟ್ಟಿದ್ದೀರಿ.

ಎರ್ರೆಪ್ಪ ಮೊದಲು ನಾಲ್ಕು ಸಲ ಯಾರದೋ ಬಂಡಿಯಲ್ಲಿ ಮೋರಿಗೆ ಹೋದ. ಆಮೇಲೆ ಬಂಡಿ ಸಿಗಲಿಲ್ಲ. ನಡೆಯಲು ಹೋಗಿ ಅರ್ಧದಾರಿಯಲ್ಲಿ ರಕ್ತ ಕೆಮ್ಮಿ ವಾಪಸ್ ಬಂದ. ಅದಾದ ಮೇಲಿನ ಗುರುವಾರ ಬಸ್ಸು ನಿಲ್ಲುವ ಹೊತ್ತು ಬರೆದುಕೊಳ್ಳಲು ಹೋಗಿ ನಾನು ಅಲ್ಲಿದ್ದೆ. ಬಸ್ಸು ಬಾವಿಗೆ ನಿಂತಿತು. ದುರುಗಮ್ಮ ಗಂಡನನ್ನು ಹೆಗಲಿಗೆ ಆನಿಸಿಕೊಂಡು ಬಾಗಿಲ ಮುಂದೆ ನಿಂತಳು.

"ಕಂಡಕ್ಟ್ರಪ್ಪಾ, ಬಸ್ ನಿಂತೈತಲ್ಲ, ಬಾಗ್ಲಾ ತಗಿ. ನನ್ ಗಂಡ ದವಾಖಾನಿಗೆ ಹೋಗಾಕ ಬೇಕು."

"ಬಸ್ ನಿಂತೈತಿ ಯವ್ವಾ, ಸ್ಟಾಪ್ ಇಲ್ಲ. ಇದು ಇಂಜಿನ್ನಿಗೆ ನಿಂತಿದ್ದು" ಎಂದ ವಿರೂಪಾಕ್ಷಪ್ಪ. ಆತನಿಗೆ ಆಕೆಯ ಮುಖ ನೋಡಲಾಗಲಿಲ್ಲ.

"ಇಂಜಿನ್ನಿಗೆ ಟಿಕೀಟ್ ಕೊಟ್ಟೀ ಏನು? ಅದಕ್ಕ ಬಾಯಾರಿದ್ರ ನಿಂದ್ರಸ್ತೀ, ಇವ್ನಿಗೆ ಉಸ್ರು ನಿಂತ್ರೂ ನಿಂದ್ರಸಂಗಿಲ್ಲಾ?"

ಡ್ರೈವರ್ ಕಾಡಸಿದ್ದಪ್ಪ ಬಾನೆಟ್ಟಿನ ಹತ್ತಿರದಿಂದ ಕೂಗಿದ: "ಲೇ ವಿರೂಪಾಕ್ಷಿ, ನಾನು ಆ ಕಡಿ ಮಖ ಮಾಡಿ ನೀರು ಹಾಕ್ತೀನಿ. ನೀ ತಗಿ, ನಾ ನೋಡಂಗಿಲ್ಲ."

"ನೀ ನೋಡಂಗಿಲ್ಲ. ಒಳಗ ಚೆಕಿಂಗ್‌ನವ್ರು ಕುಂತಾರ, ಅವ್ರು ನೋಡಂಗಿಲ್ಲೇನು? ಇನ್ನೊಂದು ಮೆಮೋ ಬಂದ್ರ ನಾನೂ ಇಲ್ಲೇ ಬಾವಿ ಕಾಯಾಕ ಬರಬೇಕು."

ಬಸ್ಸು ನೀರು ಕುಡಿದು ಹೋಯಿತು. ಎರ್ರೆಪ್ಪ ಉಳಿದ. ನನಗೆ ರೇಗಿತು. "ಇನ್ಮ್ಯಾಲೆ ನೀರು ಕೊಡಬ್ಯಾಡವ್ವಾ, ಕುದ್ದು ಸಾಯ್ಲಿ" ಎಂದೆ. ದುರುಗಮ್ಮ ನನ್ನನ್ನೇ ಬೈದಳು: "ಕುದೀತಿರಾದಕ್ಕ ನೀರಿಲ್ಲ ಅನ್ನಾಕ ಬರತೈತೇನಲೇ? ಅದೇನು ಮಾಡೈತಿ ಪಾಪ!" ನಿಮ್ಮ ಬಸ್ಸಿನ ಮೇಲೆ ಆಕೆಗಿರುವ ಕರುಣೆಯಲ್ಲಿ ಕಾಲುಭಾಗ ನಿಮಗೆ ಅವಳ ಗಂಡನ ಮೇಲೆ ಬಂದರೆ ಸಾಕು.

ಮರುದಿನ ನಿಮ್ಮ ಕಚೇರಿಗೆ ಹೋದೆ. ಗವಿಸಿದ್ದಪ್ಪನವರು ಕೆಟ್ಟವರಲ್ಲ. ದಾರಿ ತೋರಿಸಿದರು. "ಎಣಿಕಿ ತಪ್ಪು ಅಂತ ಎಣಿಸ್ದಾವ್ನೇ ಬರಕೊಟ್ರ ಆರ್ಡರ್ ರದ್ದಾಗತೈತಿ, ರೂಲ್ಸ್ ಐತಿ. 'ಅವತ್ತು ನಾನು ಮಲಗಿದ್ದೆ, ಬಂದ ಮಂದೀನ ನೋಡಲಿಲ್ಲ' ಅಂತ ಬರಿ. ಮುಗೀತು."

"ನಾ ಮಲಗಿದ್ದಿಲ್ರಿ. ಮಂದಿ ಬಂದಿದ್ದಿಲ್ಲ."

"ನಿನಗ ಸ್ಟಾಪ್ ಬೇಕೋ, ಸತ್ಯ ಬೇಕೋ?"

ಎರಡೂ ಬೇಕೆಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ನನ್ನದು ಹಟವೆಂದು ನೀವು ಹೇಳಬಹುದು, ಮನೆಯಲ್ಲೂ ಅದನ್ನೇ ಹೇಳುತ್ತಾರೆ. ಆದರೆ ಮೂರು ವರ್ಷದಿಂದ ಬರೆದಿರುವ ನನ್ನ ಪುಸ್ತಕಗಳಲ್ಲಿ ಒಂದು ಅಂಕಿ ಸುಳ್ಳಿಲ್ಲ. ನನ್ನ ಹತ್ತಿರ ಇರುವುದು ಅದೊಂದೇ.

ಸುಳ್ಳು ಬರೆಯಲಾರೆ ಎಂದು ಹೇಳಲು ಸೀಗೆಹಾಳಿಗೆ ಹೋದೆ. ನಾಚಿಕೆಯಾಗುತ್ತಿತ್ತು. ಎರ್ರೆಪ್ಪ ಗೋಡೆಗೆ ಒರಗಿ ಕುಳಿತಿದ್ದ. ಮಾತಾಡಿದರೆ ಕೆಮ್ಮು ಬರುತ್ತದೆಂದು ಬರೀ ಕೇಳಿಸಿಕೊಂಡ. ದುರುಗಮ್ಮ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿ ಅಂದಳು:

"ನಮ್ ಸಲುವಾಗಿ ಸುಳ್ಳು ಹೇಳ್ಬ್ಯಾಡ. ಅಲ್ಲಪಾ, ಅವತ್ತು ನೀ ಇಲ್ಲಿಗೆ ಹೆಂಗ ಬಂದಿ?"

"ಮೊದಲ್ನೇ ಬಸ್ಸಿಗೆ."

"ಟಿಕೀಟು?"

"ತಗೊಂಡೀನಿ. ನಿನಗ ಪಾಸ್ ಇಲ್ಲ ಅಂದ್ರು."

"ಸಂಜಿಗೆ ಹೆಂಗ ಹೋದಿ, ಹಾರಿಕೆಂತ ಹೋದ್ಯಾ? ಬಸ್ ಹತ್ತೇ ಹೋದಿ. ಮತ್ತ ಒಬ್ಬಾವ ಇಳದಾನ, ಒಬ್ಬಾವ ಹತ್ಯಾನ. ನೀ ಮನಿಷಾ ಅಲ್ಲೇನಲೇ?"

ಮಾನ್ಯರೇ, ಗಣಿತದ ಪಾಠ ಬಿಟ್ಟದ್ದಕ್ಕೆ ಅಂದು ಮೊದಲ ಸಲ ಪಶ್ಚಾತ್ತಾಪಪಟ್ಟೆ. ನನ್ನ ಎಣಿಕೆ ನಿಜವಾಗಿಯೂ ತಪ್ಪು. ಆ ಮಂಗಳವಾರ ಸೀಗೆಹಾಳು ಕ್ರಾಸಿನಲ್ಲಿ ಇಳಿದವರು ಒಬ್ಬರು, ಹತ್ತಿದವರು ಒಬ್ಬರು. ಇಬ್ಬರೂ ನಾನೇ. ಇದನ್ನು ಬರೆದು ಕೊಟ್ಟಾಗ ಗವಿಸಿದ್ದಪ್ಪನವರು ಎರಡು ಸಲ ಓದಿ, ರೂಲ್ಸ್ ಪುಸ್ತಕ ತಿರುವಿ ಹಾಕಿದರು. ಆಮೇಲೆ, ಎಣಿಸುವವನು ಪ್ರಯಾಣಿಕನೋ ಅಲ್ಲವೋ ಎಂಬುದು ಮೇಲಿನವರು ತೀರ್ಮಾನಿಸಬೇಕಾದ ಪ್ರಶ್ನೆ ಎಂದು ಸೀಲು ಒತ್ತಿದರು. ಮೇಲಿನವರೆಂದರೆ ನೀವು.

ತೀರ್ಮಾನಿಸಿ, ಬೇಡ ಅನ್ನುವುದಿಲ್ಲ. ಆದರೆ ಎರ್ರೆಪ್ಪನಿಗೆ ಎರಡು ಸೂಜಿ ತಪ್ಪಿವೆ. ಹೀಗೆ ಬಿಟ್ಟು ಬಿಟ್ಟು ಹಾಕಿಸಿಕೊಂಡರೆ ಮುಂದೆ ಯಾವ ಔಷಧವೂ ಅವನಿಗೆ ನಾಟುವುದಿಲ್ಲವೆಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದಾರೆ. ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಕಂಬ ಮೋರಿಯಲ್ಲೇ ಇರಲಿ, ನಿಮ್ಮ ಇನ್ಸ್‌ಪೆಕ್ಟರ ಮರ್ಯಾದೆಗೆ ಕುಂದು ಬರುವುದು ಬೇಡ. ಬಾವಿಯಲ್ಲಿ ಬಸ್ಸು ಹೇಗೂ ನಿಲ್ಲುತ್ತದೆ. ಆ ಎಂಟು ನಿಮಿಷ ಬಾಗಿಲು ತೆಗೆಯಬಹುದೆಂದು ಒಂದು ಸಾಲು ಬರೆದು ವಿರೂಪಾಕ್ಷಪ್ಪನ ಕೈಗೆ ಕೊಡಿ. ಸಾಯಂಕಾಲದ ಬಸ್ಸು ಬಳ್ಳಾರಿಯಿಂದ ಹೋಗುವಾಗ ಅಲ್ಲೇ ಒಂದು ಗಳಿಗೆ ನಿಂತು ಅವನನ್ನು ಇಳಿಸಲಿ. ಇದಕ್ಕೆ ಫಾರಂ ಬೇಕಿಲ್ಲ, ಕಾಲಂ ಬೇಕಿಲ್ಲ, ನನ್ನ ಸುಳ್ಳೂ ಬೇಕಿಲ್ಲ.

ಈ ಪತ್ರ ಅಚ್ಚಾದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಎರ್ರೆಪ್ಪ ಬಾವಿಯ ಹತ್ತಿರ ನಿಂತಿರುತ್ತಾನೆ. ದುರುಗಮ್ಮ ಎಂದಿನಂತೆ ನೀರು ಸೇದಿಟ್ಟಿರುತ್ತಾಳೆ. ಅವನ ತೋಳು ಹಿಡಿದುಕೊಂಡು ನಾನೂ ನಿಂತಿರುತ್ತೇನೆ. ಬಾಗಿಲು ತೆಗೆದರೆ ಹತ್ತುವವರು ಇಬ್ಬರು ಎಂದು ಬರೆಯುತ್ತೇನೆ. ತೆಗೆಯದಿದ್ದರೆ ಉಳಿದವರು ಇಬ್ಬರು ಎಂದು ಬರೆಯುತ್ತೇನೆ. ಹೇಗಿದ್ದರೂ ಈ ಸಲ ಲೆಕ್ಕ ತಪ್ಪುವುದಿಲ್ಲ.

ಇಂತಿ,
ಒಂಬತ್ತನೇ ತರಗತಿಯ ನಡುದಾರಿಯಲ್ಲಿ ಇಳಿದ,
ತೋಳಿನ ಕೆಂಪು ಪಟ್ಟಿಯನ್ನು ಇನ್ನೂ ವಾಪಸ್ ಕೊಡದ
ಕೌಲ್ ಬಜಾರಿನ ಎರ್ರಿಸ್ವಾಮಿ