ಸಿರುಗುಪ್ಪ ರೋಡಿನ ಟ್ರಯಲ್

ಏಪ್ರಿಲ್ 5, 1984, ಗುರುವಾರ

ಇವತ್ತೂ ಡ್ಯಾಶ್‌ಬೋರ್ಡ್ ಕೆಳಗೇ ದಿನ ಹೋಯ್ತು. ಕಾಲು ಕಾರಿನ ಹೊರಗೆ, ತಲೆ ಪೆಡಲಿನ ಹತ್ತಿರ. ಸಿರುಗುಪ್ಪದ ರೈಸ್ ಮಿಲ್ ಸಾಹುಕಾರ ಕೊಟ್ರಬಸಪ್ಪನವರ ಹಳೇ ಫಾರಿನ್ ಕಾರು. ಮದ್ರಾಸಿನಲ್ಲಿ ಯಾರೋ ತೀರಿಕೊಂಡ ಮೇಲೆ ಅಗ್ಗಕ್ಕೆ ಹೊಡೆದುಕೊಂಡು ಬಂದಿದ್ದಾರೆ. ಬಳ್ಳಾರಿ ಪಾರ್ವತಿನಗರದ ನನ್ನ ರೂಮಿಗಿಂತ ಉದ್ದ. ಏಸಿ ಇದೆ. ಗಾಳಿ ಇಲ್ಲ.

ಗ್ಯಾಸ್ ಇದೆ. ಕಂಪ್ರೆಸರ್ ತಿರುಗುತ್ತದೆ. ಪೈಪು ಮುಟ್ಟಿದರೆ ತಣ್ಣಗೆ ಬೆವೆತಿರುತ್ತದೆ. ಆ ತಂಪನ್ನು ಒಳಗೆ ದೂಡಬೇಕಾದ ಬ್ಲೋವರ್ ಫ್ಯಾನ್ ಮಾತ್ರ ಸತ್ತು ಮಲಗಿದೆ.

ಸಾಹುಕಾರರು ಟಾಕೀಸಿನ ಶೆಡ್ಡಿಗೇ ಬಂದಿದ್ದರು. “ಚಿದಾನಂದಪ್ಪ, ಬಸವ ಜಯಂತಿಗೆ ಮಗಳ ಮದುವಿ ಐತಿ. ಬೀಗರು ಹುಬ್ಬಳ್ಳಿಯವರು. ಬಳ್ಳಾರಿ ಬಿಸಿಲಾಗ ಅವರಿಗೆ ಚಳಿ ಹತ್ತಬೇಕು ನೋಡು.”

ಆಗಲಿ ಅಂದೆ. ಟಾಕೀಸಿನ ಕೂಲಿಂಗ್ ಪ್ಲಾಂಟ್ ನೋಡಿಕೊಳ್ಳುವವನಿಗೆ ಕಾರಿನ ಏಸಿಯೂ ಗೊತ್ತಿರುತ್ತೆ ಅಂತ ಊರವರು ತಿಳಿದಿದ್ದಾರೆ. ಇಲ್ಲ ಅನ್ನಲು ನನಗೂ ಬಾಯಿ ಬರಲಿಲ್ಲ.

ಮಧ್ಯಾಹ್ನ ಊಟ ಇಲ್ಲ. ಖಾನಾವಳಿ ತನಕ ನಡೆಯಲು ಬೇಜಾರು. ಹೆಂಡತಿ ಜಂಬಮ್ಮ ಇದ್ದಾಗ ಡಬ್ಬಿ ಕಟ್ಟುತ್ತಿದ್ದಳು. ಸಿರುಗುಪ್ಪದ ತವರಿಗೆ ಹೆರಿಗೆಗೆ ಹೋದವಳು ಅಲ್ಲೇ ಇದ್ದಾಳೆ. ಸಂಕ್ರಾಂತಿ ಹಿಂದೆಮುಂದೆ ಹೆಣ್ಣು ಕೂಸು ಹುಟ್ಟಿದೆ. ಇನ್ನೂ ನೋಡಿಲ್ಲ.

ಏಪ್ರಿಲ್ 7, ಶನಿವಾರ

ಫ್ಯೂಸ್ ಸರಿ ಇದೆ. ಸ್ವಿಚ್ಚಿಗೆ ಕರೆಂಟ್ ಬರುತ್ತಿದೆ. ಬ್ಯಾಟರಿಯಿಂದ ನೇರ ವೈರು ಎಳೆದು ಮೋಟರಿಗೆ ಮುಟ್ಟಿಸಿದೆ — ಅಲುಗಲಿಲ್ಲ. ಅಂದರೆ ರೋಗ ಮೋಟರಿನದೇ. ಬಿಚ್ಚಿದೆ. ಒಳಗೆ ಇಲಿ ಗೂಡು. ಭತ್ತದ ಹೊಟ್ಟು, ಹತ್ತಿ, ಸೀಟಿನ ಸ್ಪಂಜು. ರೈಸ್ ಮಿಲ್ಲಿನ ಇಲಿಗೆ ಮಿಲ್ಲು ಸಾಲದೆ ಕಾರೂ ಬೇಕಾಯಿತು.

ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಪೂರ್ತಿ ಸವೆದಿವೆ. ಕೌಲ್ ಬಜಾರಿನ ಗುಜರಿಯಲ್ಲಿ ಬೇರೆ ಮೋಟರಿನ ದೊಡ್ಡ ಬ್ರಷ್ ಸಿಕ್ಕವು. ಅರದಿಂದ ಉಜ್ಜಿ ಉಜ್ಜಿ ಕೂರಿಸಿದೆ. ಫ್ಯಾನ್ ತಿರುಗಿತು, ಮೂರನೇ ಸ್ಪೀಡಿನಲ್ಲಿ ಮಾತ್ರ. ಒಂದು, ಎರಡಕ್ಕೆ ಮೌನ. ಸ್ಪೀಡ್ ಇಳಿಸುವ ಕಾಯಿಲ್ ಸುಟ್ಟಿದೆ. ಕರೆಂಟ್ ಒಲೆಯ ತಂತಿ ಸುತ್ತಿ ಹೊಸದು ಮಾಡಿದೆ. ಸಂಜೆ ಹೊತ್ತಿಗೆ ಮೂರೂ ಸ್ಪೀಡ್ ಬಂದವು.

ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಖುಷಿಯಾಯಿತು. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಒಬ್ಬನೇ ಗ್ಲಾಸ್ ಏರಿಸಿಕೊಂಡು ಕೂತೆ. ಆಮೇಲೆ ಆರಿಸಿದೆ.

ಏಪ್ರಿಲ್ 10

ಸಾಹುಕಾರರ ಫೋನ್ ಟಾಕೀಸಿಗೆ ಬಂತು — ಸಿರುಗುಪ್ಪ ಮಟ ಓಡಿಸಿ ನೋಡು, ನಿಂತಲ್ಲಿ ತಣ್ಣಗಾದರೆ ಏನು ಬಂತು, ಅಂತ. ಮ್ಯಾಟ್ನಿ ಶೋ ಇನ್ನೊಬ್ಬನಿಗೆ ಒಪ್ಪಿಸಿ ಹೊರಟೆ. ಸಿಂಧಿಗೇರಿ ತನಕ ಬ್ರಹ್ಮಾಂಡ. ತೆಕ್ಕಲಕೋಟೆ ದಾಟಿದ ಮೇಲೆ ಫ್ಯಾನ್ ನಿಂತಿತು. ಬೇವಿನ ಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ತಾನೇ ಶುರುವಾಯಿತು. ಇಂಥ ರೋಗವೇ ಕಷ್ಟ. ಸತ್ತದ್ದನ್ನು ರಿಪೇರಿ ಮಾಡಬಹುದು, ನಾಟಕ ಆಡುವುದನ್ನು ಹಿಡಿಯುವುದು ಹೇಗೆ.

ಮಾವನ ಮನೆ ಮಿಲ್ಲಿಗೆ ಹೋಗುವ ದಾರಿಯಲ್ಲೇ ಇದೆ. ಮುಂದಿನಿಂದಲೇ ಹೋದೆ. ನಿಲ್ಲಿಸಲಿಲ್ಲ. ಕಣ್ಣು ರಸ್ತೆ ಮೇಲೆ.

ಯಾಕೆ ನಿಲ್ಲಿಸಲಿಲ್ಲ ಅಂತ ನನಗೆ ನಾನೇ ಬರೆದುಕೊಳ್ಳಬೇಕು. ಕೂಸು ಹುಟ್ಟಿದ ಮೇಲೆ ಮಾವ ವಿರೂಪಾಕ್ಷಪ್ಪನವರು ಹೇಳಿಕಳಿಸಿದ್ದರು — ನಿಮ್ಮ ಕಡೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರ್ರಿ, ತೊಟ್ಟಿಲಿಗೆ ಹಾಕೋಣ. ಸೋದರತ್ತೆ ಬಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಅಪ್ಪನ ತಂಗಿ, ಇಲ್ಲವೇ ಅಕ್ಕ. ನನಗೆ ತಂಗಿಯೂ ಇಲ್ಲ, ಅಕ್ಕನೂ ಇಲ್ಲ, ಅವ್ವನೂ ಇಲ್ಲ. ಕುರುಗೋಡಿನ ಮಠದಲ್ಲಿ ಉಂಡು ಬೆಳೆದವನು. ಮದುವೆ ಮಾತಿಗೆ ಮಠದ ಅಯ್ಯನವರು ಹಿರಿಯರಾಗಿ ನಿಂತಿದ್ದರು. ಈಗ ಅವರೂ ಇಲ್ಲ. ಯಾರನ್ನು ಕರೆದುಕೊಂಡು ಹೋಗಲಿ? ಉತ್ತರ ಕಳಿಸಲಿಲ್ಲ. ಅವರೂ ಮತ್ತೆ ಕರೆಯಲಿಲ್ಲ. ಕರೆಯದ ಮನೆಗೆ ಅಳಿಯ ಬರಿಗೈಲಿ ಹೋಗಿ ನಿಂತರೆ ಏನು ಚೆಂದ.

ಏಪ್ರಿಲ್ 13

ಏಸಿಯ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿ ನಿಲ್ಲುತ್ತಿದೆಯೇನೋ ಅಂದುಕೊಂಡೆ. ಇಲ್ಲ. ಹಾಗಾದರೆ ಫ್ಯಾನಿನ ಸದ್ದು ಇರುತ್ತದೆ, ಗಾಳಿ ಮಾತ್ರ ಇರುವುದಿಲ್ಲ. ಇಲ್ಲಿ ಸದ್ದೇ ನಿಲ್ಲುತ್ತದೆ. ಆದರೂ ಕಾಯಿಲ್ ತೊಳೆದೆ. ಅದರ ನೀರು ಹೊರಹೋಗುವ ಪೈಪಿನಲ್ಲಿ ಕಸ ಕಟ್ಟಿತ್ತು, ಊದಿ ಬಿಡಿಸಿದೆ.

ಫಸ್ಟ್ ಶೋ ಬಿಟ್ಟ ಮೇಲೆ ಗಾದೆಮ್ಮ ಚಹಾ ತಂದುಕೊಟ್ಟಳು. ಲೇಡೀಸ್ ಗೇಟಿನಲ್ಲಿ ಟಿಕೆಟ್ ಹರಿಯುವವಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಬಾಯಿ ಜೋರು.

“ಏನೋ, ಕೂಸು ಯಾರ ಹಂಗೈತಿ?”

“ಅವ್ವನ ಹಂಗ.”

“ಮೂಗು?”

“ಮೂಗೂ ಅವ್ವನ ಹಂಗ.”

ನನ್ನ ಮುಖ ನೋಡಿದಳು. ಗ್ಲಾಸ್ ತಗೊಂಡು ಹೋದಳು. ಗೊತ್ತಾಯಿತೇನೋ.

ಏಪ್ರಿಲ್ 17

ಸಿಕ್ಕಿತು. ಅರ್ಥ್ ವೈರು. ಕಾರಿನ ಬಾಡಿಯ ತಗಡಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ತುಕ್ಕು. ರಸ್ತೆಯ ಕುಲುಕಾಟಕ್ಕೆ ಬಿಡುತ್ತದೆ, ಇನ್ನೊಂದು ಕುಲುಕಿಗೆ ಹಿಡಿಯುತ್ತದೆ. ಇಷ್ಟು ದಿನ ಕರೆಂಟ್ ಬರುವ ದಾರಿಯನ್ನೇ ನೋಡಿದೆ, ವಾಪಸ್ ಹೋಗುವ ದಾರಿ ನೋಡಲೇ ಇಲ್ಲ. ದಡ್ಡ. ಕೆರೆದು, ಹೊಸ ವಾಷರ್ ಹಾಕಿ ಬಿಗಿದೆ. ಕಾರನ್ನು ಎಳೆದಾಡಿ, ಬಾಗಿಲು ಬಡಿದು, ಏನೇನೋ ಮಾಡಿ ನೋಡಿದೆ. ಫ್ಯಾನ್ ನಿಲ್ಲಲಿಲ್ಲ.

ಕೆಲಸ ಮುಗಿಯಿತು.

ಸಾಹುಕಾರರಿಗೆ ಫೋನ್ ಮಾಡಿದೆ. “ಇನ್ನೂ ಸ್ವಲ್ಪ ಡೌಟ್ ಐತ್ರಿ. ಇನ್ನೊಂದು ಟ್ರಯಲ್ ಹೊಡೀಬೇಕು.”

ಏಪ್ರಿಲ್ 19

ಟ್ರಯಲ್. ಸಿರುಗುಪ್ಪ. ನಿಲ್ಲಿಸಲಿಲ್ಲ.

ಏಪ್ರಿಲ್ 22, ಭಾನುವಾರ

ಟ್ರಯಲ್. ಹೋಗುವಾಗ ಇವತ್ತು ನಿಲ್ಲಿಸೇ ಬಿಡುತ್ತೇನೆ ಅಂತ ಗಟ್ಟಿ ಮನಸ್ಸು. ಕಾಲುವೆ ದಾಟುವ ತನಕ ಆ ಮನಸ್ಸು ಇತ್ತು. ಓಣಿ ಬಂದ ಕೂಡಲೇ ಬ್ಲೋವರ್ ಕಡೆ ಬಗ್ಗಿ ಗುಂಡಿ ತಿರುಗಿಸುತ್ತಾ ಕೂತೆ, ಏನೋ ದೊಡ್ಡ ಕೆಲಸ ಇದ್ದ ಹಾಗೆ. ತಲೆ ಎತ್ತಿದಾಗ ಮಿಲ್ಲಿನ ಗೇಟು.

ಸೈಡ್ ಗ್ಲಾಸಿಗೆ ಹಸಿರು ಪರದೆ ಇದೆ. ಒಳಗಿರುವವನು ಯಾರು ಅಂತ ಹೊರಗೆ ಗೊತ್ತಾಗುವುದಿಲ್ಲ. ಅದೊಂದು ಸಮಾಧಾನ.

ಏಪ್ರಿಲ್ 24

ಟ್ರಯಲ್. ಪೆಟ್ರೋಲ್ ಸಾಹುಕಾರರದು, ನಾಚಿಕೆ ನನ್ನದು. ಮಿಲ್ಲಿನ ಹಮಾಲರು ನಗುತ್ತಿದ್ದರು — “ಏನ್ರೀ ಮೇಸ್ತ್ರಿ, ಫ್ಯಾನ್ ಇನ್ನೂ ಹಟ ಬಿಟ್ಟಿಲ್ಲೇನು?” ಹಟಮಾರಿ ಐತಪ್ಪ ಅಂದೆ.

ಏಪ್ರಿಲ್ 27

ಗಾದೆಮ್ಮ ಇವತ್ತು ನೇರ ಕೇಳಿದಳು. “ಕೂಸಿನ್ನ ನೋಡೇ ಇಲ್ಲ ಹೌದಿಲ್ಲೋ?”

ಯಾರಿಗೂ ಹೇಳದ್ದನ್ನು ಹೇಳಿದೆ. ಸೋದರತ್ತೆ ಇಲ್ಲದ್ದು, ಉತ್ತರ ಕಳಿಸದ್ದು, ಎಲ್ಲ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, “ಇಷ್ಟ ಏನು? ನಾ ಬರ್ತೀನಿ ನಡಿ. ನಾನ ಅತ್ತಿ. ಹೆಸರು ನಾ ಹೇಳ್ತೀನಿ ಕೂಸಿನ ಕಿವ್ಯಾಗ” ಅಂದಳು.

ಆಗ ನನ್ನ ಬಾಯಿಂದ ಬಂದ ಮಾತು — “ನಿಮ್ಮ ಪೈಕಿ ಬ್ಯಾರೆ, ನಮ್ಮ ಪೈಕಿ ಬ್ಯಾರೆ. ನಮ್ಮ ಮಾವನ ಮನ್ಯಾಗ ಪದ್ಧತಿ ಭಾಳ.”

ಅವಳ ಮುಖ ಸಣ್ಣದಾಯಿತು. ಜಗಳ ಆಡುತ್ತಾಳೆ ಅಂದುಕೊಂಡೆ. ಆಡಲಿಲ್ಲ.

“ಆತಪ್ಪ. ಪದ್ಧತಿನ ತೊಟ್ಟಿಲಾಗ ಹಾಕ್ಕೊಂಡು ತೂಗು.”

ಚಹಾ ಗ್ಲಾಸ್ ತಗೊಳ್ಳಲು ಬರಲಿಲ್ಲ. ನಾನೇ ತೊಳೆದು ಇಟ್ಟೆ.

ಏಪ್ರಿಲ್ 30

ಗಾದೆಮ್ಮ ಮಾತಾಡಿಸುತ್ತಿಲ್ಲ. ಟಾಕೀಸಿನಲ್ಲಿ ಇಷ್ಟು ಜನ, ನನ್ನನ್ನು ಉಂಡೆಯಾ ಅಂತ ಕೇಳುತ್ತಿದ್ದವಳು ಅವಳೊಬ್ಬಳೇ ಅಂತ ಈಗ ತಿಳಿಯಿತು.

ಮೇ 2, ಬುಧವಾರ

ಸಾಹುಕಾರರೇ ಬಂದರು. ನಾಡಿದ್ದು ಮದುವೆ. “ಸಾಕು ನಿನ್ನ ಟ್ರಯಲ್ಲು. ನಡಿ, ಕಾರ್ ಮನಿಗೆ ಮುಟ್ಟಸು.” ಮುಂದಿನ ಸೀಟಿನಲ್ಲೇ ಕೂತರು. ಸುಡು ಸುಡು ಮಧ್ಯಾಹ್ನ. ಕಾರಿನಲ್ಲಿ ಮಾತ್ರ ತಂಪು. ಸಾಹುಕಾರರು ತೆಕ್ಕಲಕೋಟೆ ಹೊತ್ತಿಗೆ ಗೊರಕೆ. ಎದ್ದು, ಟವೆಲ್ ಹೊದ್ದುಕೊಂಡು, “ಭೇಷ್” ಅಂದರು. ಒಳ್ಳೆಯ ಮನುಷ್ಯ. ನನ್ನ ಕಳ್ಳತನ ಅವರಿಗೆ ಗೊತ್ತೇ ಇಲ್ಲ.

ಕಾರು ಒಪ್ಪಿಸಿದೆ. ಇನ್ನು ಈ ಕಡೆ ಬರಲು ನೆಪ ಇಲ್ಲ. ಅದಕ್ಕೇ ಇರಬೇಕು, ಕಾಲು ತಾವಾಗಿಯೇ ಮಾವನ ಓಣಿಗೆ ಹೋದವು. ನಡೆದುಕೊಂಡು ಹೋದರೆ ಓಣಿ ಬೇರೆಯೇ ಕಾಣುತ್ತದೆ. ಬಾಗಿಲಿಗೆ ಬೀಗ. ಪಕ್ಕದ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಮುದುಕಿಯನ್ನು ಕೇಳಿದೆ. ಹೊಸದಾಗಿ ಬಾಡಿಗೆಗೆ ಬಂದವರಿರಬೇಕು, ನನ್ನ ಗುರುತಿಲ್ಲ. ಮುದುಕಿ ಅಂಬಮ್ಮ ಅಂತ ಕೂಗಿದಳು, ಸೊಸೆ ಹೊರಗೆ ಬಂದು ಹೇಳಿದಳು.

“ನಿನ್ನೆ ಕುಡತಿನಿಗೆ ಹೋದ್ರು, ಜಂಬಕ್ಕನ ದೊಡ್ಡವ್ವನ ಮನಿಗೆ. ಆಕಿಗೆ ಇಲ್ಲಿ ಇರಾಕ ಮನಸ ಇಲ್ಲ. ಮಿಲ್ಲಿನ ದೊಡ್ಡ ಕಾರ್ ಐತಲ್ರಿ, ಅದನ್ನ ಆಕಿ ಗಂಡ ಓಡಸ್ತಾನಂತ, ಹಮಾಲರು ಹೇಳಿದ್ರು. ಕಾರಿನ ಸದ್ದು ಕೇಳಿದ್ರ ಸಾಕು, ಒಲಿ ಮ್ಯಾಲ ಏನಿದ್ರೂ ಬಿಟ್ಟು ಕೂಸಿನ್ನ ಎತ್ಕೊಂಡು ಹೊಸ್ತಿಲಿಗೆ ಓಡಿ ಬರ್ತಿದ್ಲು. ಕೂಸಿನ ಮುಖ ಹಿಂಗ ಕಾರಿನ ಕಡಿ ಮಾಡಿ ಹಿಡೀತಿದ್ಲು. ಆ ಪುಣ್ಯಾತ್ಮ ನಿಲ್ಲಸೂದು ಇರ್ಲಿ, ಒಮ್ಮೆನೂ ಪರದಿ ಸರಿಸಿ ನೋಡ್ಲಿಲ್ಲ.”

ಕಟ್ಟೆ ಹಿಡಿದುಕೊಂಡೆ.

ಮುದುಕಿ ತಲೆ ಎತ್ತಿದಳು. “ನೀ ಯಾರಪ್ಪ? ಅವರ ಪೈಕಿ ಏನು?”

“ಅಲ್ಲಮ್ಮ. ಮೆಕ್ಯಾನಿಕ್.”

ಅಷ್ಟೇ ಅಂದೆ. ಗಂಡ ಅನ್ನಲಿಲ್ಲ. ಅಪ್ಪ ಅನ್ನಲಿಲ್ಲ. ಬಸ್ಸಿನಲ್ಲಿ ಬಳ್ಳಾರಿ ತನಕ ಅಳು ತಡೆಯಲಾಗಲಿಲ್ಲ. ಪಕ್ಕದವನು ಕಿಟಕಿ ಸೀಟು ಬಿಟ್ಟುಕೊಟ್ಟ.

ಮೇ 4, ಬಸವ ಜಯಂತಿ

ಸಾಹುಕಾರರ ಮನೆ ಮದುವೆಗೆ ಹೋಗಲಿಲ್ಲ. ಟಾಕೀಸಿಗೆ ಬೇಗ ಹೋಗಿ ಲೇಡೀಸ್ ಗೇಟಿನ ಹತ್ತಿರ ನಿಂತೆ. ಗಾದೆಮ್ಮ ಬಂದಳು. ಏನು ಹೇಳಬೇಕು ಅಂತ ಗೊತ್ತಾಗದೆ ಕೈ ಮುಗಿದೆ. ಸಿರುಗುಪ್ಪದಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಮೆಕ್ಯಾನಿಕ್ ಅಂದದ್ದನ್ನೂ.

“ಕೈ ಇಳಸು, ಜನ ನೋಡ್ತಾರ. ಕೂಸಿಗೆ ಏನರ ತಗೊಂಡಿಯೋ ಇಲ್ಲೋ?”

ಇಲ್ಲ ಅಂದೆ.

“ಹಾಳಾಗಿ ಹೋಗ್ಲಿ. ನಾಳಿ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಾ. ಅವರು ನನ್ನ ಒಳಗ ಬಿಟ್ರ ಅತ್ತಿ ಆಗ್ತೀನಿ. ಬಿಡ್ಲಿಲ್ಲಂದ್ರ ಕಟ್ಟಿ ಮ್ಯಾಲ ಕುಂದ್ರತೀನಿ. ನೀ ಅಂತೂ ಒಳಗ ಹೋಗಬೇಕು.”

ಮೇ 5, ಬೆಳಿಗ್ಗೆ

ಬಸ್‌ಸ್ಟ್ಯಾಂಡ್. ಹೊಸಪೇಟೆ ಬಸ್ಸು ಇನ್ನೂ ಬಂದಿಲ್ಲ. ಕುಡತಿನಿ ಆ ದಾರಿಯಲ್ಲೇ, ದೂರವೇನಲ್ಲ. ಗಾದೆಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಾಳೆ. ಕೂಸಿನ ತಲೆಗೆ ಕಟ್ಟುವ ಕುಂಚಿಗೆ, ಒಂದು ಕುಬುಸದ ಬಟ್ಟೆ, ಸಕ್ಕರೆ. ಎಲ್ಲ ಅವಳೇ ತಂದದ್ದು.

ಈಗ ಕೇಳಿದಳು, “ಹೆಸರು ಏನು ಹೇಳ್ಲಿ?”

ನನ್ನ ಹತ್ತಿರ ಹೆಸರೇ ಇಲ್ಲ. ಹೇಳುವವರು ಯಾರೂ ಇಲ್ಲ ಅಂತ ಇಷ್ಟು ತಿಂಗಳು ಕೊರಗಿದೆ. ಏನು ಹೆಸರು ಅಂತ ಒಂದು ದಿನವೂ ಯೋಚಿಸಲಿಲ್ಲ. ಗಾದೆಮ್ಮ ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. “ಆಕಿನ್ನ ಕೇಳು. ಅವ್ವ ಅಂದಾಕಿ ಇಷ್ಟ ದಿನ ಹೆಸರಿಲ್ದ ಎತ್ತಿ ಆಡಸಿರ್ತಾಳೇನು?”

ಕೇಳಬೇಕು. ಆದರೆ ಅದಕ್ಕೂ ಮೊದಲು ಬೇರೆ ಮಾತಿದೆ. ರಾತ್ರಿಯಿಂದ ಹೊಂದಿಸುತ್ತಿದ್ದೇನೆ, ಹೊಂದುತ್ತಿಲ್ಲ. ಬಾಗಿಲು ಅವಳೇ ತೆಗೆದರೆ ನೇರ ಮುಖ ನೋಡಿ ಹೇಳಬೇಕು. ಜಂಬಮ್ಮ, ಕಾರಿನಲ್ಲಿ ಇದ್ದದ್ದು ನಾನೇ. ನಾನು…

ಬಸ್ಸು ಬಂತು.