ಮಾರ್ಕೋನಹಳ್ಳಿಯ ಎರಡು ಚುಕ್ಕಿ

ಬುಧವಾರ, ನವೆಂಬರ್ 12

ಸರ್ವೆ ಆಪ್‌ನ ಹೊಸ ಅಪ್‌ಡೇಟಿಗೆ ಬೆಂಕಿ ಬೀಳ! ನಮ್ಮ ಟೀಮಲ್ಲಿ ಯಾರು ಎಲ್ಲಿದಾರೆ ಅಂತ ಈಗ ಮ್ಯಾಪಲ್ಲೇ ಚುಕ್ಕಿ ಕಾಣುತ್ತೆ. ಹಾಗಲವಾಡಿಯಲ್ಲಿ ಬೋರ್‌ವೆಲ್ ಗುರುತು ಹಾಕೋದು ಬಿಟ್ಟು ಮಾಲಿನಿ ಚುಕ್ಕೀನೇ ನೋಡ್ತಾ ಕೂತಿದ್ದೆ. ಮಾರ್ಕೋನಹಳ್ಳಿ ಡ್ಯಾಮ್ ಹತ್ರ ಇತ್ತು. ಅದಕ್ಕೆ ಅಂಟಿಕೊಂಡ ಹಾಗೆ ಉದಯಕುಮಾರನ ಚುಕ್ಕಿ. ನಾಲೆ ಅಳೆಯೋಕೆ ಇಬ್ಬರು ಬೇಕು, ಗೊತ್ತು. ಆದ್ರೆ ಎಷ್ಟು ಹೊತ್ತಾದ್ರೂ ಎರಡೂ ಅಲುಗಾಡಲಿಲ್ಲ. ಹೊಟ್ಟೆ ಉರಿದುಹೋಯ್ತು. ಆ ಕೂಲಿಂಗ್ ಗ್ಲಾಸ್ ಬಿಟ್ರೆ ಅವನಲ್ಲೇನಿದೆ?

ಬೈಕ್ ಹತ್ತಿ ಹೊರಟೇಬಿಟ್ಟೆ. ಏರಿ ಮೇಲೆ ಮರದ ಮರೆಯಲ್ಲಿ ನಿಂತು ನೋಡಿದೆ. ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂತಾ, ಫೋನ್ ನೋಡ್ಕೊಂಡು ಇಬ್ಬರೂ ನಗ್ತಿದ್ರು. ಸದ್ದಿಲ್ಲದೆ ವಾಪಸ್ ಬಂದೆ.

ಈಗ ಮಾಲಿನಿ ಮೆಸೇಜ್ ಬಂದಿದೆ: "ಏನ್ರೀ ಗಂಗರಾಜು, ಹಾಗಲವಾಡಿಯಿಂದ ಏರಿವರೆಗೂ ಬಂದು ಹಂಗೇ ಹೋಗ್ಬಿಟ್ರಲ್ಲ? ನಿಮ್ ಚುಕ್ಕಿ ಬರ್ತಿರೋದನ್ನೇ ನೋಡ್ತಿದ್ವಿ. ಚಿತ್ರಾನ್ನ ಎತ್ತಿಟ್ಟಿದ್ದೆ. ಕೊನೆಗೆ ಉದಯನೇ ತಿಂದ."