ಜವಳು ಎಂಬ ಕೂಗು

ಪದಕೋಶದ ಪ್ರಾಣೇಶ ಮಾಸ್ತರರಿಗೆ ಕುಪ್ಪೇಲೂರಿನ ಫಕ್ಕೀರವ್ವನ ಶರಣು.

‘ಜವಳು’ ಅಂದರೇನು, ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಮೇಲೆ ಹಸಿರು ಹುಲ್ಲು, ಒಳಗೆ ಕಾಲು ಹೂತುಹೋಗುವ ಕೆಸರು, ಅದೇ ಜವಳು. ಮೂಲ ನನಗೆ ಗೊತ್ತಿಲ್ಲ, ಅತ್ತೆಯ ಬಾಯಿಂದ ಕಲಿತೆ. ಹುಲ್ಲು ಕೊಯ್ಯಲು ಸಾಲಾಗಿ ಹೋಗುವಾಗ, ನೆಲ ಕುಸಿದರೆ ಮುಂದಿನವಳು ‘ಜವಳೋ!’ ಎಂದು ಕೂಗಬೇಕು. ಹಿಂದಿನವರು ಅಲ್ಲಿಯೇ ನಿಲ್ಲಬೇಕು.

ಹೋದ ಮಳೆಗಾಲದಲ್ಲಿ ಮುಂದೆ ನಡೆದವಳು ನನ್ನ ಮಗಳು ದೀಪಿಕಾ.

“ಜವಳೋ! ಬರಬ್ಯಾಡ ಯವ್ವಾ, ಅಲ್ಲೇ ನಿಂದ್ರ!”

ನಿಂತೆ. ಊರವರು ಹಗ್ಗ ತರುವಷ್ಟರಲ್ಲಿ ಹೊತ್ತು ಮೀರಿತ್ತು.

ಅರ್ಥದ ಜೊತೆಗೆ ಆ ಕೂಗನ್ನೂ ಬರೆಯಿರಿ. ಜವಳು ನೋಡಲು ಬಂದರೆ ಒಡ್ಡಿನ ಮೇಲೆಯೇ ನಡೆಯಿರಿ. ಈ ವರ್ಷ ಹುಲ್ಲು ಬಹಳ ಚೆಂದ ಬಂದಿದೆ. ಕೊಯ್ಯಲು ಯಾರೂ ಹೋಗಿಲ್ಲ.

ಇಂತಿ,
ದೀಪಿಕಾಳ ಅವ್ವ